ಅಮೆರಿಕೆಯ ಹೆಬ್ಬಾಗಿಲಿನಲ್ಲಿ ನಮ್ಮ ಮನೆತನಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಮನೆತನಗಳಿಗೆ ಒಂದು ಕಾಲದಲ್ಲಿ ದೂರದ ಪ್ರಯಾಣವೆಂದರೆ ಯುಗಾದಿಯ ಮುಂಚಿನ ಶ್ರೀಶೈಲದ ಪಾದಯಾತ್ರೆ. ಅದಕ್ಕೂ ಮಿಗಿಲೆಂದರೆ ಕಾಶಿ, ಕೇದಾರ. ಇಂದು ಆ ಸ್ಥಿತಿ ಉಳಿದಿಲ್ಲ. ಮಗನು ಇಂಗ್ಲೆಂಡಿನಲ್ಲಿ ವೈದ್ಯ, ಮಗಳು ಅಮೆರಿಕೆಯಲ್ಲಿ ಇಂಜಿನಿಯರ, ತಂದೆತಾಯಿಗಳು ಇಳಕಲ್ಲಿನ ಮಗ್ಗದ ಮನೆಯಲ್ಲಿ ಅಥವಾ ಹುನಗುಂದದ ಎರೆಹೊಲದ ಬದಿಯಲ್ಲಿ. ಇಂಥ ಕುಟುಂಬಗಳು ಈಗ ವಿರಳವಲ್ಲ. ಬೇಸಿಗೆಯ ಸೂಟಿಯಲ್ಲಿ ಎಲ್ಲರೂ ಅಮೆರಿಕೆಯಲ್ಲಿ ಕೂಡಿ ಹದಿನೈದು ದಿನ ಕಳೆಯೋಣವೆಂದು ಮಕ್ಕಳು ಯೋಜಿಸುವರು. ಆಗ ಏಳುವ ಮೊದಲ ಪ್ರಶ್ನೆ, ಯಾರಿಗೆ ಯಾವ ಅನುಮತಿ ಬೇಕು ಎಂಬುದು. ಮಠಕ್ಕೆ ಬರುವ ಭಕ್ತರು ಈ ವಿಷಯವನ್ನು ನಮ್ಮಲ್ಲಿ ಪ್ರಸ್ತಾಪಿಸುವುದುಂಟು. ಆದಕಾರಣ ಸದ್ಭಕ್ತ ಕುಟುಂಬಗಳ ಉಪಯೋಗಕ್ಕಾಗಿ ಈ ನಿಯಮಗಳನ್ನು ಕ್ರಮವಾಗಿ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ವಾಸವಲ್ಲ, ಪಾಸ್‌ಪೋರ್ಟೇ ಪ್ರಮಾಣ

ಎಲ್ಲಕ್ಕೂ ಮೊದಲು ತಿಳಿಯತಕ್ಕ ಸಂಗತಿ ಒಂದುಂಟು. ಮನುಷ್ಯನು ಎಲ್ಲಿ ವಾಸಿಸುತ್ತಾನೆಂಬುದನ್ನಲ್ಲ, ಯಾವ ದೇಶದ ಪಾಸ್‌ಪೋರ್ಟ್ ಹೊಂದಿದ್ದಾನೆಂಬುದನ್ನು ನೋಡಿ ಅಮೆರಿಕೆಯು ನಿಯಮ ಹೇಳುತ್ತದೆ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಉಣ್ಣುವವರಿಗೆ ಎರಡು ಬಗೆಯ ನಿಯಮಗಳು ಅನ್ವಯಿಸುವುದು ಈ ಕಾರಣದಿಂದ.

ಇಂಗ್ಲೆಂಡಿನಲ್ಲಿ ನೆಲೆಸಿ ಬ್ರಿಟಿಷ್ ಪೌರತ್ವ ಪಡೆದ ಮಗನಿಗೆ ಅಮೆರಿಕೆಯ ಪ್ರವಾಸಕ್ಕೆ ವೀಸಾ ಬೇಕಿಲ್ಲ. 1986ರ ಕಾನೂನಿನಿಂದ ಹುಟ್ಟಿದ ವೀಸಾ ವಿನಾಯಿತಿಯ ಏರ್ಪಾಡಿಗೆ 1988ರಲ್ಲಿ ಮೊಟ್ಟಮೊದಲು ಸೇರಿದ ದೇಶವೇ ಬ್ರಿಟನ್. ಆದರೆ ವೀಸಾ ಬೇಡವೆಂದರೆ ಅನುಮತಿಯೇ ಬೇಡವೆಂದಲ್ಲ. 2009ರ ಜನವರಿಯಿಂದ ಇಂಥ ಪ್ರವಾಸಿಗಳು ಹೊರಡುವ ಮುನ್ನ 'ಎಸ್ಟಾ' ಎಂಬ ವಿದ್ಯುನ್ಮಾನ ಅನುಮತಿಯನ್ನು ಪಡೆಯಲೇಬೇಕು. ಇದರ ಶುಲ್ಕ 2022ರಿಂದ 21 ಡಾಲರ್ ಇದ್ದುದು 2025ರ ಸೆಪ್ಟೆಂಬರ್ 30ರಿಂದ 40 ಡಾಲರ್ ಆಯಿತು. ವಿಮಾನವೇರುವ 72 ಗಂಟೆಗಳಿಗಿಂತ ಮೊದಲೇ ಅರ್ಜಿ ಹಾಕುವುದು ಕ್ಷೇಮ. ಸರ್ಕಾರದ ತಾಣದಂತೆಯೇ ತೋರಿ ಹೆಚ್ಚಿನ ಹಣ ಕೀಳುವ ಖಾಸಗಿ ತಾಣಗಳೂ ಇರುವುದರಿಂದ ಎಚ್ಚರಿಕೆ ಅವಶ್ಯ.

ಎಸ್ಟಾ ಸಾಮಾನ್ಯವಾಗಿ ಎರಡು ವರ್ಷ ಅಥವಾ ಪಾಸ್‌ಪೋರ್ಟಿನ ಅವಧಿ, ಇವೆರಡರಲ್ಲಿ ಯಾವುದು ಮೊದಲು ತೀರುವುದೋ ಅಲ್ಲಿಯವರೆಗೆ ನಡೆಯುತ್ತದೆ. ಪಾಸ್‌ಪೋರ್ಟ್ ಚಿಪ್ ಅಳವಡಿಸಿದ್ದಾಗಿರಬೇಕು. ಒಮ್ಮೆ ಹೋದರೆ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ನಡುವೆ ಕೆನಡಕ್ಕೋ ಮೆಕ್ಸಿಕೋಗೋ ಹೋಗಿ ಬಂದರೂ ಆ ದಿನಗಳು ಇದರಲ್ಲಿಯೇ ಎಣಿಕೆಯಾಗುತ್ತವೆ. ಅವಧಿಯನ್ನು ವಿಸ್ತರಿಸಿಕೊಳ್ಳಲು ಬರುವುದಿಲ್ಲ. 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್ ಮುಂತಾದ ದೇಶಗಳಿಗೆ ಅಥವಾ 2021ರ ಜನವರಿ 12ರ ನಂತರ ಕ್ಯೂಬಾಕ್ಕೆ ಹೋಗಿ ಬಂದವರಿಗೆ, ಅವರು ಬ್ರಿಟಿಷ್ ಪೌರರೇ ಆದರೂ, ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ; ಅವರು ವೀಸಾ ಪಡೆಯಬೇಕು.

ಇನ್ನು ಸೊಸೆಯ ವಿಚಾರ. ಆಕೆ ಗಂಡನೊಡನೆ ಹತ್ತು ವರ್ಷ ಇಂಗ್ಲೆಂಡಿನಲ್ಲಿದ್ದು, ಅಲ್ಲಿ ಕಾಯಂ ವಾಸದ ಹಕ್ಕು ಪಡೆದಿದ್ದರೂ, ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ ಆಕೆಗೆ ಎಸ್ಟಾ ಸಲ್ಲದು. ಅಮೆರಿಕೆಯ ವೀಸಾ ಬೇಕೇ ಬೇಕು. ಪೌರತ್ವ ಬದಲಿಸಿದವರಿಗೆ ಭಾರತ ಸರ್ಕಾರ ಕೊಡುವ ಸಾಗರೋತ್ತರ ಭಾರತೀಯ ಕಾರ್ಡು ಭಾರತಕ್ಕೆ ಬರಲು ಮಾತ್ರ ಉಪಯುಕ್ತ. ಅಮೆರಿಕೆಯ ಬಾಗಿಲಲ್ಲಿ ಅದಕ್ಕೆ ಬೆಲೆಯಿಲ್ಲ. ಗಂಡ ಮಕ್ಕಳಿಗೆ ಅನುಮತಿ ದೊರೆತು, ತಾಯಿಯೊಬ್ಬಳೇ ಹಿಂದೆ ಉಳಿಯುವ ಪ್ರಸಂಗ ಬರಬಾರದೆಂದರೆ ಟಿಕೆಟ್ಟು ತೆಗೆಸುವ ಮುಂಚೆಯೇ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ನೋಡಬೇಕು.

ನಮ್ಮ ಹಿರಿಯರಿಗೆ ಏಕೆ ಈ ಪರೀಕ್ಷೆ?

ಬ್ರಿಟಿಷರು ಮನೆಯಲ್ಲಿ ಕುಳಿತು ಅನುಮತಿ ಪಡೆಯುವಾಗ, ಎಪ್ಪತ್ತು ವರುಷದ ನಮ್ಮ ಹಿರಿಯರು ಚೆನ್ನೈಗೋ ಮುಂಬಯಿಗೋ ಹೋಗಿ ಸರದಿಯಲ್ಲಿ ನಿಲ್ಲಬೇಕೇ ಎಂದು ಕೆಲವರು ನೊಂದುಕೊಳ್ಳುವರು. ಆ ನೋವು ಸಹಜ. ಆದರೆ ಕಾರಣವನ್ನೂ ಅರಿಯಬೇಕು. ವೀಸಾ ವಿನಾಯಿತಿ ದೊರೆಯಬೇಕಾದರೆ ಆ ದೇಶದ ಪ್ರವಾಸಿ ಅರ್ಜಿಗಳಲ್ಲಿ ತಿರಸ್ಕೃತವಾದವು ನೂರಕ್ಕೆ ಮೂರಕ್ಕಿಂತ ಕಡಿಮೆಯಿರಬೇಕು, ಮತ್ತು ಆ ದೇಶವೂ ಅಮೆರಿಕನ್ನರಿಗೆ ವೀಸಾ ಇಲ್ಲದೆ ಪ್ರವೇಶ ಕೊಡಬೇಕು. ಭಾರತವು ಈ ಏರ್ಪಾಡಿನಲ್ಲಿ ಇಲ್ಲ. ಅದೇ ಬ್ರಿಟಿಷ್ ಪ್ರವಾಸಿಗನು ನಮ್ಮ ಬಾದಾಮಿಯ ಮೇಣಬಸದಿಗಳನ್ನೋ ಪಟ್ಟದಕಲ್ಲನ್ನೋ ನೋಡಬಯಸಿದರೆ ಅವನೂ ಭಾರತದ ವೀಸಾ ಪಡೆದೇ ಬರಬೇಕೆಂಬುದನ್ನು ಮರೆಯಲಾಗದು.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಅಮೆರಿಕೆಯ 1952ರ ವಲಸೆ ಕಾನೂನಿನ 214(ಬಿ) ಕಲಮಿನಂತೆ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನನ್ನೂ ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲವೆಂದು ಮನವರಿಕೆ ಮಾಡುವ ಹೊಣೆ ಅರ್ಜಿದಾರನದು. ಆದ್ದರಿಂದ ಕಿಟಕಿಯಾಚೆಯ ಅಧಿಕಾರಿಯು ಕೇಳುವ ಪ್ರಶ್ನೆಗಳು ಎಷ್ಟೇ ಇರಲಿ, ಅವುಗಳ ತಿರುಳು ಒಂದೇ: ನೀವು ಮರಳಿ ಬರುವಿರಾ?

ಅರ್ಜಿಯ ಕ್ರಮ

ಮಕ್ಕಳನ್ನು ಕಾಣಲು, ದೇಶ ನೋಡಲು ಹೋಗುವವರು ಪಡೆಯಬೇಕಾದುದು ಬಿ-2 ವರ್ಗದ ವೀಸಾ. ವ್ಯವಹಾರದ ಬಿ-1 ವರ್ಗದೊಡನೆ ಇದನ್ನು ಸಾಮಾನ್ಯವಾಗಿ ಕೂಡಿಸಿಯೇ ಕೊಡುವರು. ಡಿಎಸ್-160 ಎಂಬ ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕು. 2023ರ ಜೂನ್ 17ರಿಂದ ಇದರ ಶುಲ್ಕ 185 ಡಾಲರ್. ವೀಸಾ ನಿರಾಕೃತವಾದರೂ ಈ ಹಣ ಮರಳಿ ಬಾರದು. 2025ರ ಜುಲೈ ತಿಂಗಳ ಅಮೆರಿಕೆಯ ಕಾನೂನು ಇದಲ್ಲದೆ 250 ಡಾಲರಿನ ಇನ್ನೊಂದು ಶುಲ್ಕಕ್ಕೂ ಅವಕಾಶ ಕಲ್ಪಿಸಿರುವುದರಿಂದ, ಹಣ ಕಟ್ಟುವ ದಿನದ ದರವನ್ನು ಅಧಿಕೃತ ತಾಣದಲ್ಲಿ ನೋಡಿಕೊಳ್ಳಬೇಕು. ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಚೆನ್ನೈ, ಹೈದರಾಬಾದ, ಮುಂಬಯಿಯಂತಹ ನಗರಕ್ಕೆ ಹೋಗಬೇಕಾಗುತ್ತದೆ. ಮೊದಲು ಎಂಬತ್ತು ದಾಟಿದವರಿಗೆ ಸಂದರ್ಶನದಿಂದ ಬಿಡುಗಡೆಯಿತ್ತು. 2025ರ ಸೆಪ್ಟೆಂಬರ್ 2ರಿಂದ ಆ ವಿನಾಯಿತಿಯನ್ನು ತೆಗೆದುಹಾಕಲಾಯಿತು. ಕೊರೋನಾ ಮಾರಿಯ ತರುವಾಯ, 2022ರ ಸುಮಾರಿಗೆ, ಸಂದರ್ಶನದ ದಿನಾಂಕಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ಸ್ಥಿತಿಯಿತ್ತು. ಮಗಳ ಬಾಣಂತನವು ಕಾನ್ಸುಲೇಟಿನ ಸರದಿಗಾಗಿ ಕಾಯುವುದಿಲ್ಲ. ಆದ್ದರಿಂದ ಬೇಗ ಅರ್ಜಿ ಹಾಕುವುದೇ ಉಪಾಯ.

ಮಗನ ಮನೆಗೆಂದು ಲಂಡನ್ನಿಗೆ ಹೋಗಿ, ಅಲ್ಲಿಂದಲೇ ಅಮೆರಿಕೆಯ ವೀಸಾ ಪಡೆಯೋಣವೆಂದು ಎಣಿಸುವುದು ಬೇಡ. 2025ರ ಸೆಪ್ಟೆಂಬರಿನಿಂದ ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲಿಯೇ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ. ಪ್ರವಾಸಿಯಾಗಿ ಲಂಡನ್ನಿನಲ್ಲಿರುವ ತಂದೆತಾಯಿಗಳಿಗೆ ಅದು ವಾಸದ ದೇಶವೆನಿಸದು. ಊರು ಬಿಡುವ ಮುಂಚೆಯೇ ಎರಡೂ ದೇಶಗಳ ವೀಸಾ ಕೈಯಲ್ಲಿರಲಿ.

ಹೆಸರು, ಊರು, ಜನ್ಮದಿನ

ನಮ್ಮ ಭಾಗದ ಹಿರಿಯರಿಗೆ ತೊಡಕಾಗುವುದು ಬಹುಶಃ ಕಾಗದಪತ್ರಗಳ ಹೊಂದಾಣಿಕೆ. ತವರಿನಲ್ಲಿ ಒಂದು ಹೆಸರು, ಮದುವೆಯ ನಂತರ ಇನ್ನೊಂದು ಹೆಸರು ಹೊತ್ತ ತಾಯಂದಿರು ಅನೇಕರು. ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರೇ ಇರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆಸಿದ ಜನ್ಮದಿನವೇ ಜೀವನಪರ್ಯಂತ ನಿಂತಿರುವುದುಂಟು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ದಾಖಲೆಗಳಲ್ಲಿ ವಿಜಾಪುರ ಜಿಲ್ಲೆ ಎಂದಿರುವುದು ನ್ಯಾಯವೇ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಮನೆ ಕಳೆದುಕೊಂಡು ನವನಗರಕ್ಕೆ ಬಂದವರ ವಿಳಾಸಗಳು ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿರಬಹುದು. ಇವು ಅಪರಾಧಗಳಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಅಕ್ಷರವಾಗಿ, ಅರ್ಜಿಯಲ್ಲಿಯೂ ಟಿಕೆಟ್ಟಿನಲ್ಲಿಯೂ ಬರೆಯತಕ್ಕದ್ದು. ಹಿಂದಿನ ಹೆಸರನ್ನು ಕೇಳಿರುವ ಸ್ಥಳದಲ್ಲಿ ಅದನ್ನೂ ತಿಳಿಸಬೇಕು.

ಭಾವಚಿತ್ರಕ್ಕೂ ಕಟ್ಟಳೆಗಳಿವೆ. ಬಿಳಿಯ ಹಿನ್ನೆಲೆ ಇರಬೇಕು. 2016ರ ನವೆಂಬರಿನಿಂದ ಕನ್ನಡಕ ಧರಿಸಿದ ಚಿತ್ರ ನಡೆಯದು. ಧಾರ್ಮಿಕ ಕಾರಣದಿಂದ ನಿತ್ಯವೂ ಧರಿಸುವಂಥದ್ದಲ್ಲದ ರುಮಾಲು, ಟೊಪ್ಪಿಗೆಗಳನ್ನು ತೆಗೆಯಬೇಕು. ತಾಯಂದಿರು ತಲೆಯ ಮೇಲಣ ಸೆರಗನ್ನು ಇಳಿಸಿ, ಮುಖವು ಪೂರ್ಣ ಕಾಣುವಂತೆ ಚಿತ್ರ ತೆಗೆಸಿಕೊಳ್ಳಬೇಕು.

ಕಿಟಕಿಯ ಮುಂದೆ ಸತ್ಯವೇ ರಕ್ಷೆ

ಸಂದರ್ಶನಕ್ಕೆ ಗಂಟುಗಟ್ಟಲೆ ಕಾಗದ ಹೊತ್ತು ಹೋಗುವವರಿದ್ದಾರೆ. ಹೊಲದ ಉತಾರ, ಪಿಂಚಣಿಯ ಪತ್ರ, ಬ್ಯಾಂಕಿನ ಪುಸ್ತಕ ಜೊತೆಗಿರಲಿ, ತಪ್ಪಿಲ್ಲ. ಆದರೆ ಅಧಿಕಾರಿಯು ಅವುಗಳನ್ನು ನೋಡದೆಯೇ ನಿರ್ಧರಿಸಬಹುದು. ಮಕ್ಕಳು ಕಳಿಸುವ ಆಮಂತ್ರಣ ಪತ್ರವೂ ಕಡ್ಡಾಯವಲ್ಲ. ಮಗನು ಏನು ಕೆಲಸ ಮಾಡುತ್ತಾನೆ, ಎಷ್ಟು ದಿನ ಇರುವಿರಿ, ಖರ್ಚು ಯಾರದು, ಊರಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳಿಗೆ ಎರಡು ಮಾತಿನಲ್ಲಿ ನೇರವಾದ ಉತ್ತರ ಬೇಕು. ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಮರಳಬೇಕೆಂಬುದು, ಇಳಕಲ್ಲಿನಲ್ಲಿ ನಡೆಯುತ್ತಿರುವ ಮಗ್ಗಗಳಿವೆ ಎಂಬುದು, ಮರಳಿ ಬರುವುದಕ್ಕೆ ಬಲವಾದ ಕಾರಣಗಳೇ ಆಗಿವೆ.

ಬಾಣಂತನಕ್ಕೆಂದು ಹೋಗುವ ತಾಯಿಗೆ ಕೆಲವು ದಲ್ಲಾಳಿಗಳು, ಆ ಮಾತನ್ನೇ ಎತ್ತಬೇಡಿರಿ, ಸುಮ್ಮನೆ ಪ್ರವಾಸವೆನ್ನಿರಿ ಎಂದು ಹೇಳಿಕೊಡುವರು. ಇದು ಕೆಟ್ಟ ಸಲಹೆ. ಮಗಳನ್ನೂ ಮೊಮ್ಮಗುವನ್ನೂ ಕಾಣಲು ಹೋಗುವುದು ನಿಷಿದ್ಧವಲ್ಲ. ಕೂಲಿಗಾಗಿ ದುಡಿಯುವುದು ನಿಷಿದ್ಧ. ಆದರೆ ವೀಸಾಕ್ಕಾಗಿ ಮುಖ್ಯವಾದ ಸಂಗತಿಯೊಂದನ್ನು ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದ್ದು ಸಿದ್ಧವಾದರೆ, ಅಮೆರಿಕೆಯ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಸಾಮಾನ್ಯ ನಿರಾಕರಣೆಯಾದವರು ಪುನಃ ಅರ್ಜಿ ಹಾಕಬಹುದು. ಸುಳ್ಳಿನ ಕಳಂಕ ಅಷ್ಟು ಸುಲಭವಾಗಿ ಅಳಿಯದು. ನಿರಾಕರಣೆ ಬಂದ ಹಿರಿಯರನ್ನು ಮನೆಯವರು, 'ನೀವು ಸರಿಯಾಗಿ ಹೇಳಲಿಲ್ಲ' ಎಂದು ದೂರುವುದೂ ಸಲ್ಲದು. ಮಾನದ ಪ್ರಶ್ನೆ ಇಲ್ಲಿಲ್ಲ; ಮಗನೇ ಊರಿಗೆ ಬಂದು ತಾಯಿಯ ಮುಖ ನೋಡಿ ಹೋಗಬಹುದಲ್ಲವೇ?

ಪ್ರಯಾಣದಲ್ಲಿ

ಲಂಡನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ ಸಾಮಾನ್ಯವಾಗಿ ಆ ದೇಶದ ಸಂಚಾರ ವೀಸಾ ಬೇಕು. ಊರ್ಜಿತವಾದ ಅಮೆರಿಕೆಯ ವೀಸಾ ಇದ್ದವರಿಗೆ ಅದರಿಂದ ವಿನಾಯಿತಿಯಿದೆ. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸಿದವರಿಗೆ ತಪಾಸಣೆಯ ಯಂತ್ರ ಸದ್ದು ಮಾಡುವ ಸಂಭವವುಂಟು. ಗಾಬರಿ ಬೇಡ, ಇದು ಧಾರ್ಮಿಕ ವಸ್ತುವೆಂದು ತಿಳಿಸಿ, ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳುವ ಹಕ್ಕು ಅಮೆರಿಕೆಯ ವಿಮಾನ ನಿಲ್ದಾಣಗಳಲ್ಲಿದೆ. ಪ್ರಯಾಣದ ಮಟ್ಟಿಗೆ ವಸ್ತ್ರದಲ್ಲಿ ಕಟ್ಟಿ ಧರಿಸುವುದು ಇನ್ನೂ ಸುಲಭ.

2018ರಿಂದ, ಅಮೆರಿಕೆಗೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿಲಿಲೀಟರ್ ಅಳತೆಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಅಡ್ಡಿಯುಂಟು. ಆದ್ದರಿಂದ ವಿಭೂತಿಯ ಪುಡಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಯೇ ಇಡಬೇಕು. ಪೂಜೆಗೆಂದು ಬಿಲ್ವಪತ್ರೆ, ಒಗ್ಗರಣೆಗೆಂದು ಕರಿಬೇವು ಒಯ್ಯಬಾರದು. ಇವೆರಡೂ ನಿಂಬೆಯ ಕುಲಕ್ಕೆ ಸೇರಿದ ಗಿಡಗಳು. ಅಲ್ಲಿಯ ಕಿತ್ತಳೆ ತೋಟಗಳಿಗೆ ರೋಗ ತಗಲುವುದೆಂಬ ಭಯದಿಂದ ಇವುಗಳ ಎಲೆಗಳನ್ನು ನಿಷೇಧಿಸಿದ್ದಾರೆ. ಅಕ್ಕಿಗೂ ಕೀಟದ ಭಯದಿಂದ ನಿಷೇಧವಿದೆ. ಕಡಕ್ ರೊಟ್ಟಿ, ಅಮೀನಗಡದ ಕರದಂಟು ಮುಂತಾದ ತಿನಿಸುಗಳನ್ನು ಒಯ್ದರೆ, ಸುಂಕದ ಅಧಿಕಾರಿಗೆ ಮೊದಲೇ ತಿಳಿಸಬೇಕು. ತಿಳಿಸಿದರೆ ಹೆಚ್ಚೆಂದರೆ ವಸ್ತು ಹೋದೀತು; ಮುಚ್ಚಿಟ್ಟರೆ ನೂರಾರು ಡಾಲರಿನ ದಂಡ ಬಿದ್ದೀತು. ಔಷಧಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ಇರಲಿ. ಅಲ್ಲಿ ಚಿಕಿತ್ಸೆ ಬಹು ದುಬಾರಿಯಾದ್ದರಿಂದ ಹಿರಿಯರಿಗೆ ವಿಮೆಯಿಲ್ಲದೆ ಹೊರಡಿಸುವುದು ವಿವೇಕವಲ್ಲ.

ಕೊನೆಯದಾಗಿ ಒಂದು ಮಾತು. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ ವೀಸಾ ದೊರೆಯುತ್ತದೆ. ಹತ್ತು ವರ್ಷವೆಂದರೆ ಅಷ್ಟು ಕಾಲ ಅಲ್ಲಿ ಇರಬಹುದೆಂದಲ್ಲ. ಅಷ್ಟು ಕಾಲದೊಳಗೆ ಹಲವು ಸಲ ಬಾಗಿಲು ಬಡಿಯಬಹುದೆಂದು ಮಾತ್ರ. ಒಳಗೆ ಬಿಡುವವನು ನಿಲ್ದಾಣದ ಅಧಿಕಾರಿ. ಅವನು ಐ-94 ಎಂಬ ದಾಖಲೆಯಲ್ಲಿ ನಮೂದಿಸುವ ದಿನಾಂಕವೇ, ಸಾಮಾನ್ಯವಾಗಿ ಆರು ತಿಂಗಳು, ಮರಳುವ ಗಡುವು. ಅದನ್ನು 180 ದಿನಗಳಿಗಿಂತ ಹೆಚ್ಚು ಮೀರಿ ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಪ್ರವೇಶವಿಲ್ಲ. ಬಂದಿಳಿದ ವಾರದಲ್ಲಿಯೇ ಮಕ್ಕಳು ಆ ದಾಖಲೆಯನ್ನು ತೆಗೆದು, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಲಿ. ಗಡುವಿಗೆ ಮುಂಚೆ ಮರಳಿದ ಹಿರಿಯರು ತಮ್ಮ ಮಾತನ್ನು ಉಳಿಸಿಕೊಂಡಂತೆ. ನಾಳೆ ಅದೇ ಊರಿನಿಂದ ಅದೇ ಕಿಟಕಿಯ ಮುಂದೆ ನಿಲ್ಲುವ ಇನ್ನೊಬ್ಬ ತಾಯಿಯ ಮಾತಿಗೂ ಬಲ ತಂದಂತೆ.