ಫೋಟೊಗ್ರಾಫರ್‌ಗೆ ಅಡ್ವಾನ್ಸ್ ಕೊಡೋ ಮುನ್ನ ಇಷ್ಟು ಕೇಳಿ

ಛತ್ರ ಸಿಕ್ತು, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಯ್ತು, ಪುರೋಹಿತರ ಹತ್ತಿರ ಮುಹೂರ್ತ ಬರೆಸಿಕೊಂಡಾಯ್ತು. ಫೋಟೊದವರು? 'ಯಾರಾದ್ರೂ ಸಿಗ್ತಾರೆ ಬಿಡು' ಅನ್ನೋ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆದರೆ ಹೂವು ಸಂಜೆಗೇ ಬಾಡುತ್ತೆ, ಊಟದ ರುಚಿ ವಾರದಲ್ಲಿ ಮರೆತುಹೋಗುತ್ತೆ. ಹತ್ತು ವರ್ಷ ಕಳೆದ ಮೇಲೆ ಕೈಯಲ್ಲಿ ಉಳಿಯೋದು ಫೋಟೊ ಮಾತ್ರ. ತಂಗಿಯ ಮದುವೆಗೆ ಫೋಟೊಗ್ರಾಫರ್ ಗೊತ್ತು ಮಾಡೋ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾಲ್ಕು ಸ್ಟುಡಿಯೊ ಹತ್ತಿಳಿದು ತಿಳಿದುಕೊಂಡದ್ದು ಇಲ್ಲಿದೆ.

ಒಂದು ಮದುವೆ ಪೂರ್ತಿ ನೋಡಿ

ಇನ್‌ಸ್ಟಾಗ್ರಾಂನಲ್ಲಿ ಕಾಣೋದು ಹತ್ತಾರು ಮದುವೆಗಳಿಂದ ಹೆಕ್ಕಿದ ಚಂದದ ಫೋಟೊಗಳು. ಅದನ್ನೇ ನಂಬಬೇಡಿ. ಒಂದೇ ಮದುವೆಯ ಪೂರ್ತಿ ಆಲ್ಬಂ ತೋರಿಸಿ ಅನ್ನಿ. ಟ್ಯೂಬ್‌ಲೈಟ್ ಬೆಳಕಿನ ಊಟದ ಹಾಲ್, ಹೋಮದ ಹೊಗೆ, ಸ್ಟೇಜ್ ಹಿಂದಿನ ಎಲ್‌ಇಡಿ ಪರದೆ, ಇಂಥ ಕಡೆ ಮುಖಗಳು ಹೇಗೆ ಬಂದಿವೆ ಅಂತ ನೋಡಿದರೆ ಕೈಚಳಕ ಗೊತ್ತಾಗುತ್ತೆ. 'ಆವತ್ತು ಕ್ಯಾಮೆರಾ ಹಿಡಿಯೋರು ನೀವೇನಾ?' ಅಂತಲೂ ಕೇಳಿ. ಕೆಲಸ ತೋರಿಸುವವರು ಒಬ್ಬರು, ಮದುವೆಗೆ ಬರೋರು ಇನ್ನೊಬ್ಬರು ಆಗೋದುಂಟು.

ಒಬ್ಬರೇ ಸಾಕಾ?

ಟ್ರೆಡಿಷನಲ್ ಅಂದ್ರೆ ಶಾಸ್ತ್ರಗಳು, ಸ್ಟೇಜ್ ಮೇಲೆ ಸಾಲಾಗಿ ನಿಂತ ನೆಂಟರು. ಕ್ಯಾಂಡಿಡ್ ಅಂದ್ರೆ ಪೋಸ್ ಇಲ್ಲದ ನಗು, ಕಣ್ಣೀರು. ಅಂತರಪಟ ಸರಿದು ಜೀರಿಗೆ-ಬೆಲ್ಲ ಹಾಕುವಾಗ ವಧುವಿನ ಕಡೆಗೊಂದು, ವರನ ಕಡೆಗೊಂದು ಕ್ಯಾಮೆರಾ ಇರಬೇಕು. ಒಬ್ಬರೇ ಎರಡೂ ಕಡೆ ನಿಲ್ಲೋಕಾಗಲ್ಲ. ನಮ್ಮ ಫೋಟೊಗ್ರಾಫರ್ ಮೊದಲೇ ಹೇಳಿದ್ದರು: "ಸರ್, ತಾಳಿ ಕಟ್ಟೋ ಹೊತ್ತಿಗೆ ಎಲ್ಲರೂ ಮೊಬೈಲ್ ಹಿಡಿದು ಎದುರಿಗೆ ಬಂದುಬಿಡ್ತಾರೆ. ಆ ಎರಡು ನಿಮಿಷ ತಡೆಯೋಕೆ ಮನೆಯವರೊಬ್ಬರನ್ನ ಕೊಡಿ." ಆ ಡ್ಯೂಟಿ ಚಿಕ್ಕಪ್ಪನಿಗೆ ಬಿತ್ತು. ಅವರ ಗಂಟಲಿಗೆ ಹೆದರಿ ಒಬ್ಬರೂ ಅಡ್ಡ ಬರಲಿಲ್ಲ.

ಬ್ಯಾಕಪ್ ಏನು?

ಸಾಫ್ಟ್‌ವೇರ್‌ನವನಾದ್ದರಿಂದ ನಾನು ಎಲ್ಲ ಕಡೆ ಮೊದಲು ಕೇಳಿದ್ದು ಇದನ್ನೇ. ಎರಡು ಕಾರ್ಡ್ ಸ್ಲಾಟ್ ಇರೋ ಕ್ಯಾಮೆರಾದಲ್ಲಿ ಪ್ರತಿ ಫೋಟೊ ಏಕಕಾಲಕ್ಕೆ ಎರಡೂ ಕಾರ್ಡಿಗೆ ಹೋಗುವ ಹಾಗೆ ಸೆಟ್ ಮಾಡಬಹುದು. ಒಂದು ಕೈಕೊಟ್ಟರೆ ಇನ್ನೊಂದಿರುತ್ತೆ. ಅಂದೇ ರಾತ್ರಿ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡ್ತಾರಾ, ಫೋಟೊ ನಿಮ್ಮ ಕೈ ಸೇರೋವರೆಗೂ ಇಟ್ಟಿರ್ತಾರಾ ಅಂತ ಕೇಳಿ. 'ಅದೆಲ್ಲ ಏನೂ ಆಗಲ್ಲ ಸರ್' ಅನ್ನೋ ಉತ್ತರ ಬಂದರೆ ಮುಂದಿನ ಸ್ಟುಡಿಯೊ ನೋಡಿ. ಮಾಂಗಲ್ಯಧಾರಣೆಗೆ ರೀಟೇಕ್ ಇಲ್ಲ.

ಬರವಣಿಗೆಯಲ್ಲಿರಲಿ

ಎಷ್ಟು ಗಂಟೆ ಕೆಲಸ, ಎಷ್ಟು ಜನ ಬರ್ತಾರೆ, ಎಡಿಟ್ ಮಾಡಿದ ಫೋಟೊ ಎಷ್ಟು, ಆಲ್ಬಂನಲ್ಲಿ ಎಷ್ಟು ಶೀಟ್, ಎಷ್ಟು ದಿನಕ್ಕೆ ಕೊಡ್ತಾರೆ, ಓಡಾಟದ ಖರ್ಚು ಯಾರದ್ದು, ಶೇ 18 ಜಿಎಸ್‌ಟಿ ಸೇರಿದೆಯಾ, ಎಲ್ಲವೂ ಕಾಗದದಲ್ಲಿ ಬರಲಿ. ಹಣವನ್ನು ಮೂರು ಕಂತಲ್ಲಿ ಕೊಡಿ. ಕೊನೆಯ ಕಂತು ಆಲ್ಬಂ ಕೈಗೆ ಬಂದ ಮೇಲೆ. ಎಡಿಟ್ ಆಗದ ರಾ ಫೈಲ್‌ಗಳನ್ನು ಸಾಮಾನ್ಯವಾಗಿ ಕೊಡಲ್ಲ. ಬೇಕಿದ್ದರೆ ಮೊದಲೇ ಮಾತಾಡಿ. ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲೋ ಡ್ರೈವ್ ಲಿಂಕ್‌ನಲ್ಲೋ ತಗೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತೆ. ಇನ್ನೊಂದು ವಿಷಯ: ಆಲ್ಬಂ ತಡವಾಗೋದು ಎಷ್ಟೋ ಸಲ ನಮ್ಮಿಂದಲೇ. ಸಾವಿರಾರು ಫೋಟೊ ಮುಂದೆ ಕೂತು ಆರಿಸೋಕೆ ಯಾರಿಗೂ ಪುರುಸೊತ್ತಿರಲ್ಲ. ಮದುಮಕ್ಕಳೂ ಮನೆಯ ಒಬ್ಬರೂ ಸೇರಿ ಒಂದು ಭಾನುವಾರ ಮುಗಿಸಿಬಿಡಿ.

ಫೋಟೊ ಯಾರ ಸ್ವತ್ತು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಸಹಿ ಹಾಕೋ ಮುನ್ನ ಸಣ್ಣಕ್ಷರಗಳನ್ನೂ ಓದಿ. ತನ್ನ ಫೋಟೊ ಯಾರ ಪೇಜಿನಲ್ಲೂ ಜಾಹೀರಾತಾಗೋದು ತಂಗಿಗೆ ಇಷ್ಟವಿರಲಿಲ್ಲ. 'ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ' ಅಂತ ಒಂದು ಸಾಲು ಸೇರಿಸಿದೆವು. ಫೋಟೊಗ್ರಾಫರ್ ಬೇಸರವಿಲ್ಲದೆ ಒಪ್ಪಿದರು.

ಪಟ್ಟಿ ಮಾಡಿ ಕೊಡಿ

ನಿಮ್ಮ ಸೋದರತ್ತೆ ಯಾರು, ಅಪ್ಪನ ಬಾಲ್ಯದ ಗೆಳೆಯ ಯಾರು ಅಂತ ಫೋಟೊಗ್ರಾಫರ್‌ಗೆ ಹೇಗೆ ಗೊತ್ತಾಗಬೇಕು? ಇವರ ಫೋಟೊ ಇರಲೇಬೇಕು ಅಂತ ಪಟ್ಟಿ ಬರೆದುಕೊಡಿ, ಗುರುತು ತೋರಿಸೋಕೆ ಒಬ್ಬರನ್ನ ಜೊತೆ ಬಿಡಿ. ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಅಜ್ಜಿಯದು. ಮಂಡಿನೋವಿಂದ ಅವರು ಸ್ಟೇಜ್ ಹತ್ತುವ ಹಾಗಿರಲಿಲ್ಲ. ಫೋಟೊಗ್ರಾಫರೇ ಕೆಳಗಿಳಿದು ಬಂದು, ಕುರ್ಚಿ ಪಕ್ಕ ನೆಲದ ಮೇಲೆ ಕೂತು, ಅಜ್ಜಿ ಮೊಮ್ಮಗಳ ಕೆನ್ನೆ ಸವರುತ್ತಿದ್ದದ್ದನ್ನ ತೆಗೆದರು. ಐದು ತಿಂಗಳಿಗೆ ಅಜ್ಜಿ ಹೋದರು. ಈಗ ನಮ್ಮ ಮನೆಯ ಗೋಡೆ ಮೇಲಿರೋದು ಆ ಫೋಟೊನೇ.

ಕೊನೆಗೊಂದು ಮಾತು. ಫೋಟೊದವರನ್ನ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಬೆಳಗಿನ ಜಾವದಿಂದ ನಿಂತೇ ಇರ್ತಾರೆ. ಮದುಮಕ್ಕಳು ಎಲೆ ಮುಂದೆ ಕೂತಾಗ ಅವರು ಮತ್ತೆ ಕ್ಯಾಮೆರಾ ಹಿಡಿಯಬೇಕಲ್ಲ.