ಬ್ರಾಮ್ಲಿ ಸೇಬು ಮಾಂಬಳ್ಳಿ ಕಡೆ ಬರುತ್ತಾ? ಗಿಡ ತರಿಸೋ ಮೊದಲು ಓದಿ

ಬಯಲುಸೀಮೆಯಲ್ಲೂ ಸೇಬು ಬೆಳೀಬಹುದು ಅನ್ನೋ ವಿಡಿಯೋಗಳು ಮೊಬೈಲಲ್ಲಿ ಓಡಾಡ್ತಿವೆ. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಸುತ್ತ ಬತ್ತ, ಕಬ್ಬು, ಹಿಪ್ಪುನೇರಳೆ ಬೆಳೆಯುವ ರೈತರಿಗೂ ಆಸೆ ಹುಟ್ಟುವುದು ಸಹಜ. ಆದರೆ ಸೇಬಿನಲ್ಲಿ ತಳಿ ತಪ್ಪಿದರೆ ನಾಲ್ಕೈದು ವರ್ಷದ ನೀರು, ಗೊಬ್ಬರ, ದುಡ್ಡು ಎಲ್ಲಾ ವ್ಯರ್ಥ. ಇಂಗ್ಲೆಂಡಿನ ಹಳೇ ಅಡುಗೆ ಸೇಬು ಬ್ರಾಮ್ಲಿಯನ್ನೇ ಉದಾಹರಣೆಗೆ ನೋಡೋಣ.

ಏನಿದು ಬ್ರಾಮ್ಲಿ?

1809ರಲ್ಲಿ ಸೌತ್‌ವೆಲ್ ಎಂಬ ಊರಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಈ ಮರ ಹುಟ್ಟಿತು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡರು. ಹತ್ತು ವರ್ಷದ ನಂತರ ನರ್ಸರಿಯ ಹೆನ್ರಿ ಮೆರಿವೆದರ್ ಕಸಿಗೆ ಕಡ್ಡಿ ಕೇಳಿದಾಗ, ತಳಿಗೆ ತಮ್ಮ ಹೆಸರೇ ಇಡಬೇಕು ಅಂತ ಹೇಳಿ ಕೊಟ್ಟರು. ಇವತ್ತಿನ ಬ್ರಾಮ್ಲಿ ಮರಗಳೆಲ್ಲ ಆ ಒಂದೇ ಮರದ ಸಂತಾನ.

ಹಣ್ಣು ದಪ್ಪ, ಹಸಿರು, ಬಲು ಹುಳಿ. ಬೇಯಿಸಿದರೆ ಕರಗಿ ಮುದ್ದೆಯಾಗುತ್ತೆ. ಅದಕ್ಕೇ ಇಂಗ್ಲಿಷರು ಸಕ್ಕರೆ ಹಾಕಿ ಸಾಸ್, ಪೈ ಮಾಡ್ತಾರೆ.

ನಮ್ಮಲ್ಲಿ ಯಾಕೆ ಆಗಲ್ಲ?

ಸೇಬಿನ ಮೊಗ್ಗು ಚಳಿಗಾಲದಲ್ಲಿ ನಿದ್ದೆ ಮಾಡುತ್ತೆ. ಸಾಕಷ್ಟು ಚಳಿ ಸಿಕ್ಕರಷ್ಟೇ ಏಳುತ್ತೆ. ಇಂಥ ಚಳಿದೇಶದ ತಳಿಗಳಿಗೆ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ಸುಮಾರು 1,000 ಗಂಟೆ ಬೇಕು. ಅಂದ್ರೆ ಹಗಲು ರಾತ್ರಿ ಸೇರಿ 40 ದಿನಕ್ಕೂ ಹೆಚ್ಚು! ಮಾಂಬಳ್ಳಿಯ ಮಾಗಿಯಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಎದುರಿಗಿರುವ ಬಿಳಿಗಿರಿರಂಗನ ಬೆಟ್ಟ ತಂಪೇನೋ ಹೌದು, ಆದರೆ ಆ ಲೆಕ್ಕ ಅಲ್ಲೂ ತುಂಬೋದಿಲ್ಲ. ಬ್ರಾಮ್ಲಿ ಗಿಡ ಎಲೆ ಬಿಟ್ಟು ನಿಂತರೂ ಹೂ, ಕಾಯಿ ನಂಬೋ ಹಾಗಿಲ್ಲ.

ಇನ್ನೊಂದು ತೊಡಕೂ ಇದೆ. ಬ್ರಾಮ್ಲಿಯ ಪರಾಗ ಬೇರೆ ಮರಕ್ಕೆ ಉಪಯೋಗಕ್ಕೆ ಬರಲ್ಲ. ಇದಕ್ಕೂ ಪಕ್ಕದಲ್ಲಿ ಬೇರೆ ತಳಿ ಬೇಕೇ ಬೇಕು.

ಪ್ರಯೋಗ ಮಾಡಲೇಬೇಕು ಅಂದ್ರೆ?

ಕಡಿಮೆ ಚಳಿ ಸಾಕಾಗುವ ತಳಿಗಳಿವೆ. ಇಸ್ರೇಲಿನ ಅನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್, ಹಿಮಾಚಲ ಪ್ರದೇಶದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಇಂಡೋನೇಷ್ಯಾದ ಬಾತುವಿನಲ್ಲಿ ಕೊಯ್ಲಾದ ಮೇಲೆ ಕೈಯಿಂದ ಎಲೆ ಕಿತ್ತು, ಗಿಡ ನಿದ್ದೆಗೆ ಜಾರುವ ಮೊದಲೇ ಹೂ ಬರಿಸ್ತಾರೆ.

ನೆನಪಿಡಿ:

• ಮೊದಲು ಐದಾರು ಗಿಡ ಸಾಕು. ಎಕರೆಗಟ್ಟಲೆ ಹಾಕಬೇಡಿ.
• ಬೀಜದ ಗಿಡ ಬೇಡ, ತಾಯಿ ಗುಣ ಬರಲ್ಲ. ಕಸಿ ಗಿಡವನ್ನೇ ಕೊಳ್ಳಿ, ತಳಿ ಹೆಸರು ಬಿಲ್ಲಿನಲ್ಲಿ ಬರೆಸಿಕೊಳ್ಳಿ.
• ಅನ್ನಾ ಜೊತೆ ಡಾರ್ಸೆಟ್ ಗೋಲ್ಡನ್ ಇರಲಿ, ಪರಾಗಕ್ಕೆ ಬೇಕು.
• ನೀರು ನಿಲ್ಲುವ ಬತ್ತದ ಗದ್ದೆ ಬೇಡ, ಬೇರು ಕೊಳೆಯುತ್ತೆ.
• ಗಿಡ ಮಾರೋರು ಹೇಳೋ ಇಳುವರಿ ನಂಬಿ ಸಾಲ ಮಾಡಬೇಡಿ. ನಮ್ಮಂಥದೇ ಹವೆಯಲ್ಲಿ ಕಾಯಿ ಬಿಟ್ಟ ತೋಟವನ್ನು ಕಣ್ಣಾರೆ ನೋಡಿ ಬನ್ನಿ.

ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಒಂದು ಮಾತು ಕೇಳಿ, ಆಮೇಲೆ ಗುಂಡಿ ತೆಗೆಸಿ. ಹುಳಿ ಹಣ್ಣೇ ಬೇಕು ಅನ್ನೋರಿಗೆ ನೆಲ್ಲಿ, ಹುಣಸೆ ನಮ್ಮ ಮಣ್ಣಿಗೆ ಒಗ್ಗಿದ ಗಿಡಗಳು. ಅವು ಚಳಿಗೆ ಕಾಯೋದಿಲ್ಲ.