ಕಾಲಿನ ಜತೆ ಕಸುಬಿನ ಅಳತೆಯೂ ಬೇಕು

ನಡುರಾತ್ರಿ ಎಚ್ಚರವಾಗುತ್ತದೆ. ನಿದ್ದೆಗಣ್ಣಲ್ಲೇ ಮಂಚದಿಂದಿಳಿದು ಎರಡೂ ಕಾಲೂರಲು ಹೋದರೆ ನೆಲ ಮುಟ್ಟುವುದು ಒಂದೇ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಮೊದಮೊದಲು ಹೀಗೆ ಬೀಳುವುದುಂಟು. ಪಾದ ಹೋದದ್ದನ್ನು ಮಿದುಳು ಇನ್ನೂ ಒಪ್ಪಿರುವುದಿಲ್ಲ. ಇಲ್ಲದ ಹೆಬ್ಬೆರಳು ತುರಿಸುತ್ತದೆ, ಇಲ್ಲದ ಹಿಮ್ಮಡಿ ಉರಿಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಮೋಟುಕಾಲಿನ ತಪಾಸಣೆ. ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ? ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶವೇ ಮಂದವಾಗಿರಬಹುದಾದ್ದರಿಂದ ಕೈಗನ್ನಡಿ ಹಿಡಿದು ಅಡಿಭಾಗವನ್ನೂ ನೋಡಿಕೊಳ್ಳಬೇಕು. ಆಮೇಲೆ ಕಾಲುಚೀಲ, ಅದರ ಮೇಲೆ ಕೃತಕ ಕಾಲು. ಹೊತ್ತು ಏರಿದಂತೆ ಮೋಟುಕಾಲು ಕೊಂಚ ಕುಗ್ಗಿ, ಅದು ಕೂರುವ ಸಾಕೆಟ್ ಸಡಿಲವಾಗುತ್ತದೆ. ಇನ್ನೊಂದು ಚೀಲ ಏರಿಸಬೇಕು. ಬೆವರಿದರೆ ಬಿಚ್ಚಿ ಒರೆಸಬೇಕು. ಕೆಲಸದ ನಡುವೆ ಇದಕ್ಕೆಲ್ಲ ಬಿಡುವು ಕೊಡುವ ಮಾಲೀಕರು ಎಷ್ಟು ಮಂದಿ?

ಬದುಕಿಗೆ ತಕ್ಕಂತೆ ಕಾಲು ರೂಪಿಸಿದ ಉದಾಹರಣೆ ನಮ್ಮಲ್ಲೇ ಇದೆ. 1960ರ ದಶಕದ ಕೊನೆಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಕಾಲಿಗೆ ಬೂಟು ಬೇಕಿತ್ತು. ನಮ್ಮ ರೈತನಾದರೋ ಬರಿಗಾಲಲ್ಲಿ ಕೆಸರಿಗಿಳಿಯುವವನು, ಕುಕ್ಕರಗಾಲಲ್ಲಿ ಕೂರುವವನು. ಅವನ ಬದುಕಿಗೆ ತಕ್ಕಂತೆ ಹುಟ್ಟಿದ್ದರಿಂದಲೇ ‘ಜೈಪುರ ಕಾಲು’ ಹಳ್ಳಿಹಳ್ಳಿಗೆ ನಡೆಯಿತು.

ಪರಿಹಾರ ಲೆಕ್ಕ ಹಾಕುವಾಗ ಬದುಕನ್ನೇ ನೋಡಬೇಕೆಂದು ನ್ಯಾಯಾಲಯವೂ ಹೇಳಿದೆ. ರಾಜ್‌ಕುಮಾರ್–ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಡಗೈ ಕಳೆದುಕೊಂಡವರ ಉದಾಹರಣೆ ಕೊಟ್ಟಿತು: ಅಂಗವೈಕಲ್ಯ ಶೇ 60 ಎಂದಿಟ್ಟುಕೊಂಡರೂ ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100, ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು. ಕಾಲಿನ ಮಾತೂ ಅಷ್ಟೇ. ಲಾರಿ ಚಾಲಕನಿಗೆ ಎಡಗಾಲೆಂದರೆ ಕ್ಲಚ್. ಗಾರೆಯವನಿಗೆ ಯಾವ ಕಾಲಾದರೂ ಅದು ಸಾರ್ವೆ ಹತ್ತುವ ಧೈರ್ಯ.

ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ವೇತನದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ದಿನಗೂಲಿಯವರಿಗೆ ಈ ಆಸರೆ ಇಲ್ಲ.

ಅವರು ಕಳೆದುಕೊಳ್ಳುವುದು ಕೂಲಿಯನ್ನಷ್ಟೇ ಅಲ್ಲ. ನಮ್ಮೂರುಗಳಲ್ಲಿ ಕಸುಬೇ ಮನುಷ್ಯನ ಹೆಸರು. ‘ಡ್ರೈವರಣ್ಣ’, ‘ಮೇಸ್ತ್ರಿ’ ಎಂದು ಕರೆಯುತ್ತಿದ್ದ ಬಾಯಿಗಳೇ ‘ಪಾಪ, ಕಾಲಿಲ್ಲದವರು’ ಎನ್ನತೊಡಗುತ್ತವೆ. ಮನೆಯವರು ಮಮತೆಯಿಂದಲೇ ‘ನೀವು ಕೂತಿರಿ, ನಾವು ನೋಡ್ಕೋತೀವಿ’ ಎನ್ನುತ್ತಾರೆ. ನಿನ್ನೆಯವರೆಗೂ ಮನೆ ನಡೆಸಿದವರಿಗೆ ಆ ಮಾತು ಗಾಯಕ್ಕಿಂತ ಆಳಕ್ಕಿಳಿಯುತ್ತದೆ.

ಕೃತಕ ಕಾಲಿಗೆ ಅಳತೆ ತೆಗೆಯುವ ದಿನವೇ ಕಸುಬಿನ ಅಳತೆಯನ್ನೂ ತೆಗೆಯಬೇಕು. ಎಷ್ಟು ಹೊತ್ತು ನಿಲ್ಲುತ್ತೀರಿ? ಕೆಸರಿದೆಯೇ, ಏಣಿ ಇದೆಯೇ? ಹಳೆಯ ಕೆಲಸ ಆಗದಿದ್ದರೆ ಅದೇ ಕಸುಬಿನಲ್ಲಿ ಇನ್ನೇನು ಮಾಡಬಲ್ಲಿರಿ? ಸಾರ್ವೆ ಹತ್ತಲಾಗದಿದ್ದರೂ ತೂಗುಗುಂಡು ಹಿಡಿದು ಗೋಡೆಯ ಓರೆ ಹೇಳಬಲ್ಲ ಮೇಸ್ತ್ರಿ, ಮೇಸ್ತ್ರಿಯೇ. ಅವರನ್ನು ಹಾಗೇ ಕರೆಯೋಣ, ಕೆಲಸಕ್ಕೂ ಕರೆಯೋಣ.